ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಪಿ.ಟಿ.ಓ. ಜಾರುವಿಕೆ: ದೋಷ ಪತ್ತೆ, ದುರಸ್ತಿ ಹಾಗೂ ಸುರಕ್ಷತಾ ಕ್ರಮಗಳು

1. ಪೀಠಿಕೆ

ಬಾಗಲಕೋಟೆ ತಾಲ್ಲೂಕಿನ ಕಲಾದಗಿ ಹಾಗೂ ಸುತ್ತಲಿನ ಗ್ರಾಮಗಳು ದಾಳಿಂಬೆ, ಚಿಕ್ಕು ಮತ್ತು ನಿಂಬೆ ತೋಟಗಳಿಗೆ ಹೆಸರಾಗಿವೆ. ಇಂತಹ ತೋಟಗಳ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ಸುಲಭವಾಗಿ ಹಾಯಲಾರದು. ಆದುದರಿಂದ 15ರಿಂದ 30 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್‌ಗಳು ಔಷಧಿ ಸಿಂಪರಣೆ, ರೋಟಾವೇಟರ್ ಹಾಗೂ ಅಂತರ ಬೇಸಾಯದ ಕಾರ್ಯಗಳಿಗೆ ಉಪಯುಕ್ತವಾಗಿವೆ. ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲ್ಲೂಕುಗಳ ಎರೆ ಮತ್ತು ಮಸಾರಿ ಭೂಮಿಯ ಸಣ್ಣ ಹಿಡುವಳಿದಾರರಿಗೂ ಇವು ಅನುಕೂಲಕರವಾಗಿವೆ.

ಈ ಟ್ರ್ಯಾಕ್ಟರ್‌ಗಳ ಹಿಂಭಾಗದಲ್ಲಿ ತಿರುಗುವ ದಂಡಕ್ಕೆ ಶಕ್ತಿ ನಿರ್ಗಮನ ದಂಡ ಅಥವಾ ಪಿ.ಟಿ.ಓ. ಎಂದು ಹೆಸರು. ಇಂಜಿನ್ನಿನ ಶಕ್ತಿಯು ಈ ದಂಡದ ಮೂಲಕವೇ ಉಪಕರಣಕ್ಕೆ ತಲುಪುತ್ತದೆ. ಇಂಜಿನ್ ಸರಿಯಾದ ವೇಗದಲ್ಲಿ ಓಡುತ್ತಿದ್ದರೂ ಭಾರ ಬಿದ್ದೊಡನೆ ಉಪಕರಣವು ನಿಧಾನವಾಗುವುದು ಅಥವಾ ನಿಂತುಹೋಗುವುದು ಪಿ.ಟಿ.ಓ. ಜಾರುವಿಕೆಯ ಮುಖ್ಯ ಲಕ್ಷಣವಾಗಿದೆ.

ಜಾರುವಿಕೆ ಕಂಡುಬಂದ ತಕ್ಷಣ "ಕ್ಲಚ್ ಹೋಗಿದೆ" ಎಂದು ತೀರ್ಮಾನಿಸಿ ಟ್ರ್ಯಾಕ್ಟರನ್ನು ಎರಡು ಭಾಗವಾಗಿ ಬಿಚ್ಚಿಸುವುದು ಸರಿಯಾದ ಕ್ರಮವಲ್ಲ. ದೋಷವು ಕ್ಲಚ್ಚಿನಲ್ಲಿರದೆ ಉಪಕರಣದ ಬೆಲ್ಟ್, ಚಾಲನಾ ದಂಡ ಅಥವಾ ಪೆಡಲ್ ಹೊಂದಾಣಿಕೆಯಲ್ಲಿಯೂ ಇರಬಹುದು. ಹಾಗಿದ್ದಲ್ಲಿ ಹೊಸ ಕ್ಲಚ್ ಹಾಕಿಸಿದ ನಂತರವೂ ದೋಷ ಉಳಿಯುತ್ತದೆ. ಹಣವೂ ಸಿಂಪರಣೆಯ ಅಮೂಲ್ಯ ದಿನಗಳೂ ವ್ಯರ್ಥವಾಗುತ್ತವೆ. ಉಪಕರಣದಿಂದ ಆರಂಭಿಸಿ ಇಂಜಿನ್ನಿನ ಕಡೆಗೆ ಒಂದೊಂದೇ ಹಂತದಲ್ಲಿ ಪರೀಕ್ಷಿಸುವ ವಿಧಾನವನ್ನು ರೈತ ಬಾಂಧವರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

2. ಜಾರುವಿಕೆಯಿಂದಾಗುವ ನಷ್ಟ

ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಮಳೆ ಹನಿಗಳ ಸಿಡಿತದಿಂದ ಗಿಡದಿಂದ ಗಿಡಕ್ಕೆ ಹರಡುತ್ತದೆ. ಮಳೆ ಬಿಟ್ಟ ನಂತರ ಸಿಂಪರಣೆಗೆ ದೊರೆಯುವ ಸಮಯ ಅಲ್ಪ. ಆ ವೇಳೆಯಲ್ಲಿ ಬ್ಲೋವರ್ ಸಿಂಪರಣಾ ಯಂತ್ರವು ಪೂರ್ಣ ವೇಗದಲ್ಲಿ ತಿರುಗದಿದ್ದರೆ ಔಷಧಿಯು ಗಿಡದ ಒಳಭಾಗಕ್ಕೆ ತಲುಪುವುದಿಲ್ಲ.

ಉದಾಹರಣೆಗೆ, ಪಿ.ಟಿ.ಓ. ವೇಗವು ನಿಮಿಷಕ್ಕೆ 540 ಸುತ್ತುಗಳಿಂದ 430 ಸುತ್ತುಗಳಿಗೆ ಇಳಿದರೆ ಫ್ಯಾನ್ ತಳ್ಳುವ ಗಾಳಿಯ ಪ್ರಮಾಣವು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಹೊರಗಿನ ಎಲೆಗಳು ತೊಯ್ದಂತೆ ಕಂಡರೂ ಒಳಗಿನ ಕಾಯಿಗಳು ಒಣಗಿಯೇ ಉಳಿಯುತ್ತವೆ. ಸಿಂಪರಣೆ ಮಾಡಿಯೂ ರೋಗ ಹತೋಟಿಗೆ ಬಾರದಿದ್ದಲ್ಲಿ ಔಷಧಿಯನ್ನು ಬದಲಾಯಿಸುವ ಮುನ್ನ ಯಂತ್ರದ ವೇಗವನ್ನು ಪರೀಕ್ಷಿಸುವುದು ಸೂಕ್ತ.

3. ಸುರಕ್ಷತಾ ಕ್ರಮಗಳು (ಕಡ್ಡಾಯವಾಗಿ ಓದತಕ್ಕದ್ದು)

ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. 35 ಮಿ.ಮೀ. ವ್ಯಾಸದ ದಂಡವು ಈ ವೇಗದಲ್ಲಿ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಸಿಕ್ಕಿಕೊಂಡ ವ್ಯಕ್ತಿಗೆ ಕೂಗುವಷ್ಟು ಸಮಯವೂ ಸಿಗುವುದಿಲ್ಲ. ಆದುದರಿಂದ:

ಅ) ಪರೀಕ್ಷೆ ಅಥವಾ ದುರಸ್ತಿಗೆ ಮುನ್ನ ಪಿ.ಟಿ.ಓ. ಲಿವರನ್ನು ಬಿಡಿಸಿ, ಉಪಕರಣವನ್ನು ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ದಂಡವು ಸಂಪೂರ್ಣವಾಗಿ ನಿಂತ ನಂತರವೇ ಸಮೀಪಿಸಬೇಕು.

ಆ) ದೋತರ, ಹೆಗಲ ಮೇಲಿನ ವಲ್ಲಿ, ಸೀರೆಯ ಸೆರಗು, ಓಢಣಿ, ಬಿಚ್ಚಿದ ಕೂದಲು ಇವು ಅಪಾಯಕಾರಿ. ಯಂತ್ರದ ಬಳಿ ಕೆಲಸ ಮಾಡುವವರು ಮೈಗೆ ಹೊಂದುವ ಉಡುಪನ್ನು ಧರಿಸತಕ್ಕದ್ದು.

ಇ) ತಿರುಗುತ್ತಿರುವ ದಂಡವನ್ನು ದಾಟುವುದು, ಅದರ ಮೇಲೆ ಕಾಲಿಡುವುದು ಅಥವಾ ಕೈ, ಕಾಲು, ಕಟ್ಟಿಗೆಯಿಂದ ತಡೆದು "ಜಾರುತ್ತದೆಯೇ" ಎಂದು ನೋಡುವುದು ಸಂಪೂರ್ಣ ನಿಷಿದ್ಧ.

ಈ) ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಹಾಗೂ ಟ್ರ್ಯಾಕ್ಟರ್ ಹಿಂಭಾಗದ ರಕ್ಷಾ ತಗಡನ್ನು ತೆಗೆದು ಯಂತ್ರವನ್ನು ಓಡಿಸಬಾರದು. ಮಕ್ಕಳನ್ನು ದೂರವಿರಿಸಬೇಕು.

ಉ) ಅಪಘಾತ ಸಂಭವಿಸಿದಲ್ಲಿ ಮೊದಲು ಇಂಜಿನ್ ನಿಲ್ಲಿಸಿ, ನಂತರ 108ಕ್ಕೆ ಕರೆ ಮಾಡಬೇಕು.

4. ತಮ್ಮ ಟ್ರ್ಯಾಕ್ಟರಿನ ಪಿ.ಟಿ.ಓ. ಯಾವ ಬಗೆಯದು?

ದೋಷ ಪತ್ತೆಯ ವಿಧಾನವು ಪಿ.ಟಿ.ಓ. ಬಗೆಯನ್ನು ಅವಲಂಬಿಸಿರುತ್ತದೆ. ಟ್ರ್ಯಾಕ್ಟರಿನೊಂದಿಗೆ ನೀಡಲಾದ ಬಳಕೆದಾರರ ಕೈಪಿಡಿಯಲ್ಲಿ ಇದರ ವಿವರ ಇರುತ್ತದೆ.

(1) ಒಂಟಿ ಕ್ಲಚ್: ಚಕ್ರಗಳಿಗೂ ಪಿ.ಟಿ.ಓ.ಗೂ ಒಂದೇ ಕ್ಲಚ್ ಇರುತ್ತದೆ. ಪೆಡಲ್ ಒತ್ತಿದರೆ ಎರಡೂ ನಿಲ್ಲುತ್ತವೆ. ಅನೇಕ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಈ ವ್ಯವಸ್ಥೆ ಇದೆ.

(2) ಜೋಡಿ ಕ್ಲಚ್: ಪೆಡಲನ್ನು ಅರ್ಧ ಒತ್ತಿದರೆ ಚಕ್ರಗಳು ಮಾತ್ರ ನಿಲ್ಲುತ್ತವೆ, ಪೂರ್ಣ ಒತ್ತಿದರೆ ಪಿ.ಟಿ.ಓ. ಕೂಡ ನಿಲ್ಲುತ್ತದೆ. ಪಿ.ಟಿ.ಓ.ಗೆ ಪ್ರತ್ಯೇಕ ಪ್ಲೇಟ್ ಇರುತ್ತದೆ.

(3) ಸ್ವತಂತ್ರ ಪಿ.ಟಿ.ಓ.: ಪೆಡಲಿಗೆ ಸಂಬಂಧವಿಲ್ಲದೆ ಬೇರೆ ಲಿವರ್ ಅಥವಾ ಸ್ವಿಚ್ಚಿನಿಂದ ನಡೆಯುತ್ತದೆ. ಕೆಲವು ಮಾದರಿಗಳಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬಹು ಪ್ಲೇಟುಗಳ ಕ್ಲಚ್ ಇರುತ್ತದೆ.

5. ಇದು ನಿಜವಾದ ಜಾರುವಿಕೆಯೇ?

ಗಿಯರುಗಳ ಹಲ್ಲುಗಳ ಸಂಖ್ಯೆ ಬದಲಾಗುವುದಿಲ್ಲ. ಆದುದರಿಂದ ಕ್ಲಚ್ ಪೂರ್ಣವಾಗಿ ಹಿಡಿದಿರುವವರೆಗೆ ಇಂಜಿನ್ ವೇಗ ಮತ್ತು ಪಿ.ಟಿ.ಓ. ವೇಗಗಳ ಅನುಪಾತವೂ ಬದಲಾಗುವುದಿಲ್ಲ. ದೋಷ ಪತ್ತೆಗೆ ಇದೇ ಆಧಾರ.

ಒಂದು ಟ್ರ್ಯಾಕ್ಟರಿನಲ್ಲಿ ಇಂಜಿನ್ 2160 ಸುತ್ತು ತಿರುಗಿದಾಗ ಪಿ.ಟಿ.ಓ. 540 ಸುತ್ತು ತಿರುಗುತ್ತದೆ ಎಂದು ಭಾವಿಸೋಣ. ಅನುಪಾತ 4 ಆಗುತ್ತದೆ. ಭಾರ ಬಿದ್ದಾಗ ಇಂಜಿನ್ 2000, ಪಿ.ಟಿ.ಓ. 500 ಎಂದು ತೋರಿದರೆ ಅನುಪಾತ 4 ಆಗಿಯೇ ಇದೆ. ಇದು ಜಾರುವಿಕೆಯಲ್ಲ, ಇಂಜಿನ್ನಿಗೆ ಭಾರ ಹೆಚ್ಚಾಗಿದೆ ಅಥವಾ ಡೀಸೆಲ್ ಫಿಲ್ಟರ್, ಏರ್ ಕ್ಲೀನರ್ ಕಟ್ಟಿಕೊಂಡಿವೆ. ಆದರೆ ಇಂಜಿನ್ 2100 ಇದ್ದು ಪಿ.ಟಿ.ಓ. 525ರ ಬದಲು 430 ತೋರಿದರೆ ಅದು ನಿಜವಾದ ಜಾರುವಿಕೆ.

ವೇಗವನ್ನು ದಂಡಕ್ಕೆ ತಾಗಿಸದೆ ಅಳೆಯುವ ಟ್ಯಾಕೋಮೀಟರಿನಿಂದ ಅನುಭವಿ ಮೆಕ್ಯಾನಿಕ್ ಮಾತ್ರ, ರಕ್ಷಾಕವಚ ತೆಗೆಯದೆ, ಅಳೆಯತಕ್ಕದ್ದು. ಉಪಕರಣ ಲಭ್ಯವಿಲ್ಲದಿದ್ದಲ್ಲಿ ಶಬ್ದವನ್ನು ಗಮನಿಸಬಹುದು. ಇಂಜಿನ್ನಿನ ಶಬ್ದ ಹಾಗೂ ಉಪಕರಣದ ಶಬ್ದ ಎರಡೂ ಕುಗ್ಗಿದರೆ ಭಾರ ಹೆಚ್ಚಾಗಿದೆ. ಇಂಜಿನ್ ಅದೇ ಶಬ್ದದಲ್ಲಿದ್ದು ಉಪಕರಣ ಮಾತ್ರ ಕುಗ್ಗಿದರೆ ಎಲ್ಲಿಯೋ ಜಾರುತ್ತಿದೆ. "ಕಟ್ ಕಟ್" ಎಂಬ ಲೋಹದ ಶಬ್ದ ಬಂದು ಲಿವರ್ ತಾನಾಗಿಯೇ ಹಿಂದಕ್ಕೆ ಬಂದರೆ ಅದು ಗಿಯರ್ ಕಳಚುವಿಕೆ. ಲಿವರಿನ ಲಾಕ್ ಸ್ಪ್ರಿಂಗ್, ಫೋರ್ಕ್ ಅಥವಾ ಗಿಯರ್ ಹಲ್ಲುಗಳ ಸವೆತ ಇದಕ್ಕೆ ಕಾರಣ.

6. ಹಂತ ಹಂತವಾದ ಪರೀಕ್ಷೆ

ಹಂತ 1: ಉಪಕರಣ

ಇಂಜಿನ್ ನಿಲ್ಲಿಸಿ ಕೀಲಿ ತೆಗೆದ ನಂತರ ಸಿಂಪರಣಾ ಯಂತ್ರದ ಬೆಲ್ಟುಗಳನ್ನು ನೋಡಬೇಕು. ಬೆಲ್ಟಿನ ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ, ರಬ್ಬರ್ ಸುಟ್ಟ ವಾಸನೆ ಇದ್ದರೆ ಅಥವಾ ಕಪ್ಪು ಪುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ. ಬಿಗಿತ ಸರಿಪಡಿಸಬೇಕು, ಸವೆದಿದ್ದರೆ ಎಲ್ಲ ಬೆಲ್ಟುಗಳನ್ನು ಒಟ್ಟಿಗೆ ಬದಲಾಯಿಸಬೇಕು.

ರೋಟಾವೇಟರಿನಲ್ಲಿ ಸ್ಲಿಪ್ ಕ್ಲಚ್ ಇದ್ದಲ್ಲಿ ಅದರ ಎರಡು ಭಾಗಗಳ ಮೇಲೆ ಸುಣ್ಣದ ಕಡ್ಡಿಯಿಂದ ಅಡ್ಡಲಾಗಿ ಒಂದು ನೇರ ಗೆರೆ ಎಳೆಯಬೇಕು. ಕವಚ ಹಾಕಿ ಒಂದು ನಿಮಿಷ ಭಾರದಲ್ಲಿ ಓಡಿಸಿ, ಪೂರ್ಣ ನಿಲ್ಲಿಸಿ ನೋಡಬೇಕು. ಗೆರೆ ಮುರಿದು ಎರಡು ಕಡೆಯಾಗಿದ್ದರೆ ದೋಷ ಉಪಕರಣದ ಸ್ಲಿಪ್ ಕ್ಲಚ್ಚಿನಲ್ಲಿದೆ, ಟ್ರ್ಯಾಕ್ಟರಿನಲ್ಲಿಲ್ಲ. ಅದರ ಸ್ಪ್ರಿಂಗ್ ಬೋಲ್ಟುಗಳನ್ನು ತಯಾರಕರು ಸೂಚಿಸಿದ ಉದ್ದಕ್ಕೆ ಮಾತ್ರ ಬಿಗಿಗೊಳಿಸಬೇಕು. ಪೂರ್ಣ ಬಿಗಿದುಬಿಟ್ಟರೆ ಕಲ್ಲು ತಗುಲಿದಾಗ ಗಿಯರ್ ಬಾಕ್ಸ್ ಮುರಿಯುವ ಸಂಭವವಿದೆ. ಶಿಯರ್ ಬೋಲ್ಟ್ ತುಂಡಾಗಿದ್ದರೆ ಅದೇ ದರ್ಜೆಯ ಬೋಲ್ಟನ್ನೇ ಹಾಕಬೇಕು. ಮೊಳೆ ಅಥವಾ ಗಟ್ಟಿ ಉಕ್ಕಿನ ಬೋಲ್ಟ್ ಬಳಸಬಾರದು.

ಹಂತ 2: ಚಾಲನಾ ದಂಡ

ಸಾಮಾನ್ಯ ಪಿ.ಟಿ.ಓ. ದಂಡವು 35 ಮಿ.ಮೀ. ವ್ಯಾಸ ಹಾಗೂ 6 ಉದ್ದ ಹಲ್ಲುಗಳನ್ನು (ಸ್ಪ್ಲೈನ್) ಹೊಂದಿರುತ್ತದೆ. ಹಲ್ಲುಗಳ ಅಂಚು ದುಂಡಗಾಗಿದ್ದರೆ ಅಥವಾ ಯೋಕ್ ಸಡಿಲವಾಗಿ ಅಲುಗಾಡುತ್ತಿದ್ದರೆ ಅದನ್ನು ಬದಲಾಯಿಸಬೇಕು. ಒಂದೇ ದಿಕ್ಕಿನಲ್ಲಿ ಹಿಡಿಯುವ ಓವರ್‌ರನ್ನಿಂಗ್ ಕ್ಲಚ್ ಅಳವಡಿಸಿದ್ದಲ್ಲಿ, ಇಂಜಿನ್ ನಿಂತಿರುವಾಗ ಅದನ್ನು ದಂಡದಿಂದ ಹೊರತೆಗೆದು ಕೈಯಿಂದ ತಿರುಗಿಸಿ ನೋಡಬೇಕು. ಒಂದು ದಿಕ್ಕಿನಲ್ಲಿ ಸಡಿಲವಾಗಿ ತಿರುಗಿ ಇನ್ನೊಂದು ದಿಕ್ಕಿನಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಎರಡೂ ಕಡೆ ಜಾರಿದರೆ ದೋಷ ಅದರಲ್ಲಿಯೇ ಇದೆ.

ಹಂತ 3: ಕ್ಲಚ್ ಪೆಡಲ್

ಪೆಡಲನ್ನು ಕೈಯಿಂದ ಒತ್ತಿದಾಗ ಆರಂಭದಲ್ಲಿ ಭಾರವಿಲ್ಲದ ಸ್ವಲ್ಪ ಸಡಿಲ ಚಲನೆ ಇರಬೇಕು. ಇದರ ಅಳತೆ ಕೈಪಿಡಿಯಲ್ಲಿ ಇರುತ್ತದೆ. ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತ ಬಂದು ಕೊನೆಗೆ ಇಲ್ಲವಾಗುತ್ತದೆ. ಆಗ ಕಾಲು ತೆಗೆದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇದ್ದು ಜಾರುತ್ತದೆ. ಪೆಡಲ್ ಕೆಳಗಿನ ಕಡ್ಡಿಯ ನಟ್ಟನ್ನು ತಿರುಗಿಸಿ ಸಡಿಲವನ್ನು ಸರಿಪಡಿಸುವುದು ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಟ್ರ್ಯಾಕ್ಟರ್ ಬಿಚ್ಚಲು ಒಪ್ಪಬಾರದು.

ಹಂತ 4: ಮುಖ್ಯ ಕ್ಲಚ್ ಪರೀಕ್ಷೆ

ಸಮತಟ್ಟಾದ ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಪಿ.ಟಿ.ಓ. ಬಿಡಿಸಿ, ಎರಡೂ ಬ್ರೇಕುಗಳನ್ನು ಜೋಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅತ್ಯಂತ ಮೇಲಿನ ಗಿಯರ್ ಹಾಕಿ, ಇಂಜಿನ್ನನ್ನು ಸಾಧಾರಣ ವೇಗದಲ್ಲಿಟ್ಟು ಪೆಡಲನ್ನು ನಿಧಾನವಾಗಿ ಬಿಡಬೇಕು. ಇಂಜಿನ್ ನಿಂತುಹೋದರೆ ಮುಖ್ಯ ಕ್ಲಚ್ ಹಿಡಿಯುತ್ತಿದೆ. ಇಂಜಿನ್ ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಈ ಪರೀಕ್ಷೆಯನ್ನು ಒಮ್ಮೆ ಮಾತ್ರ, ಮೂರು ನಾಲ್ಕು ಸೆಕೆಂಡು ಮೀರದಂತೆ ಮಾಡತಕ್ಕದ್ದು. ಹೆಚ್ಚು ಹೊತ್ತು ಮಾಡಿದರೆ ಪ್ಲೇಟ್ ಸುಡುತ್ತದೆ.

ಫಲಿತಾಂಶವನ್ನು ಈ ಕೆಳಕಂಡಂತೆ ಅರ್ಥೈಸಬಹುದು:

- ಒಂಟಿ ಕ್ಲಚ್ ಇದ್ದು ಎಳೆತ ಮತ್ತು ಪಿ.ಟಿ.ಓ. ಎರಡೂ ದುರ್ಬಲ: ಕ್ಲಚ್ ಪ್ಲೇಟ್ ದೋಷ.
- ಒಂಟಿ ಕ್ಲಚ್ ಇದ್ದು ಭಾರದ ಎಳೆತ ಉತ್ತಮ, ಪಿ.ಟಿ.ಓ. ಮಾತ್ರ ದುರ್ಬಲ: ಕ್ಲಚ್ಚಿನ ನಂತರದ ಗಿಯರ್, ಸ್ಪ್ಲೈನ್ ಅಥವಾ ಉಪಕರಣದ ದೋಷ.
- ಜೋಡಿ ಕ್ಲಚ್ ಇದ್ದು ಪಿ.ಟಿ.ಓ. ಮಾತ್ರ ದುರ್ಬಲ: ಪಿ.ಟಿ.ಓ. ಪ್ಲೇಟ್ ಅಥವಾ ಅದರ ಹೊಂದಾಣಿಕೆಯ ದೋಷ.
- ಸ್ವತಂತ್ರ ಪಿ.ಟಿ.ಓ. ಇದ್ದು ಅದು ಮಾತ್ರ ದುರ್ಬಲ: ಹಂತ 6ರಂತೆ ಪರೀಕ್ಷಿಸಬೇಕು.

ಹಂತ 5: ಎಣ್ಣೆ ಸೋರಿಕೆ

ಇಂಜಿನ್ ಹಾಗೂ ಗಿಯರ್ ಬಾಕ್ಸ್ ಕೂಡುವ ಭಾಗದ ಅಡಿಯಲ್ಲಿ ಚಿಕ್ಕ ರಂಧ್ರವಿರುತ್ತದೆ. ಅಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಪ್ಲೇಟಿಗೆ ಎಣ್ಣೆ ತಗುಲಿರುವ ಸಂಭವ ಹೆಚ್ಚು. ಕಪ್ಪು ಎಣ್ಣೆಯಾದರೆ ಇಂಜಿನ್ನಿನ ಹಿಂಭಾಗದ ಸೀಲ್, ಗಿಯರ್ ಎಣ್ಣೆಯಾದರೆ ಗಿಯರ್ ಬಾಕ್ಸಿನ ಮುಂಭಾಗದ ಸೀಲ್ ಸೋರುತ್ತಿರಬಹುದು. ಸೀಲ್ ಬದಲಾಯಿಸದೆ ಪ್ಲೇಟ್ ಮಾತ್ರ ಬದಲಾಯಿಸಿದರೆ ಹೊಸ ಪ್ಲೇಟೂ ಹಾಳಾಗುತ್ತದೆ.

ಹಂತ 6: ಎಣ್ಣೆಯ ಒತ್ತಡದ ಸ್ವತಂತ್ರ ಪಿ.ಟಿ.ಓ.

ಟ್ರ್ಯಾಕ್ಟರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ ಟ್ರಾನ್ಸ್‌ಮಿಷನ್ ಎಣ್ಣೆಯ ಮಟ್ಟ ನೋಡಬೇಕು. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸಬೇಕು. ಸಾಮಾನ್ಯ ಇಂಜಿನ್ ಎಣ್ಣೆ ಸುರಿದರೆ ಪ್ಲೇಟುಗಳು ಸರಿಯಾಗಿ ಹಿಡಿಯದಿರಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನಂತರ ಫಿಲ್ಟರ್ ಮತ್ತು ಹೀರು ಜಾಲರಿಯನ್ನು ನೋಡಬೇಕು. ಜಾಲರಿಯಲ್ಲಿ ಕಪ್ಪು ಚೂರುಗಳಿದ್ದರೆ ಪ್ಲೇಟುಗಳು ಸವೆದಿವೆ. ಲಿವರ್ ಪೂರ್ಣ ಚಲಿಸುತ್ತಿದೆಯೇ, ಸ್ವಿಚ್ಚಿಗೆ ವಿದ್ಯುತ್ ಬರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಎಣ್ಣೆ ತಣ್ಣಗಿದ್ದಾಗ ಹಿಡಿದು, ಬಿಸಿಯಾದ ನಂತರ ಜಾರಿದರೆ ಒಳಗಿನ ಸೀಲ್ ಉಂಗುರಗಳ ಸೋರಿಕೆಯನ್ನು ಶಂಕಿಸಬಹುದು. ಗೇಜ್ ಹಾಕಿ ಒತ್ತಡ ಅಳೆದ ನಂತರವೇ ಕ್ಲಚ್ ಬಿಚ್ಚುವ ನಿರ್ಧಾರ ಕೈಗೊಳ್ಳತಕ್ಕದ್ದು.

7. ಕ್ಲಚ್ ದುರಸ್ತಿ

ಮೇಲಿನ ಪರೀಕ್ಷೆಗಳಿಂದ ಪ್ಲೇಟಿನ ದೋಷ ಖಚಿತವಾದಲ್ಲಿ ಮಾತ್ರ ಟ್ರ್ಯಾಕ್ಟರನ್ನು ಇಂಜಿನ್ ಮತ್ತು ಗಿಯರ್ ಬಾಕ್ಸ್ ನಡುವೆ ಬೇರ್ಪಡಿಸಬೇಕಾಗುತ್ತದೆ. ಎರಡೂ ಭಾಗಗಳಿಗೆ ಗಟ್ಟಿ ಆಧಾರ ಸ್ಟ್ಯಾಂಡುಗಳು ಅಗತ್ಯವಿರುವುದರಿಂದ ಇದನ್ನು ಹೊಲದಲ್ಲಿ, ಕಲ್ಲು ಅಥವಾ ಕಟ್ಟಿಗೆಯ ಆಧಾರದ ಮೇಲೆ ಮಾಡತಕ್ಕದ್ದಲ್ಲ. ಕಾರ್ಯಾಗಾರದಲ್ಲಿ ಈ ಅಂಶಗಳನ್ನು ಮಾಲೀಕರು ಗಮನಿಸಬೇಕು:

ಅ) ಬ್ಯಾಟರಿಯ ಋಣ ತಂತಿಯನ್ನು ಮೊದಲು ತೆಗೆಯಬೇಕು.

ಆ) ಕ್ಲಚ್ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಈ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಇ) ಪ್ಲೇಟಿನ ಮೇಲ್ಮೈ ರಿವೆಟ್‌ಗಳ ಮಟ್ಟಕ್ಕೆ ಸವೆದಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಹೊಸದನ್ನು ಹಾಕಬೇಕು. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಿಂದ ತೊಳೆದು ಮರಳಿ ಬಳಸುವುದು ಉಪಯೋಗವಿಲ್ಲ.

ಈ) ಫ್ಲೈವೀಲ್ ಹಾಗೂ ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಕಲೆ, ಬಿರುಕು, ಗೀರು ಇವೆಯೇ ಎಂದು ನೋಡಬೇಕು. ಬಿಡುಗಡೆ ಬೇರಿಂಗ್ ಮತ್ತು ಪೈಲಟ್ ಬೇರಿಂಗ್ ಶಬ್ದ ಮಾಡುತ್ತಿದ್ದರೆ ಅದೇ ವೇಳೆಯಲ್ಲಿ ಬದಲಾಯಿಸುವುದು ಮಿತವ್ಯಯಕರ.

ಉ) ಹೊಸ ಪ್ಲೇಟನ್ನು ಮಧ್ಯಕ್ಕೆ ಹೊಂದಿಸುವ ದಂಡ ಬಳಸಿ ಜೋಡಿಸಬೇಕು. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಊ) ಜೋಡಿ ಕ್ಲಚ್ಚಿನಲ್ಲಿ ಬೆರಳುಗಳ ಎತ್ತರ ಸಮನಾಗಿರಬೇಕು, ಪಿ.ಟಿ.ಓ. ಅಂತರವನ್ನು ಕೈಪಿಡಿಯಂತೆ ಹೊಂದಿಸಬೇಕು. ಈ ಹೊಂದಾಣಿಕೆ ತಪ್ಪಿದರೆ ಹೊಸ ಪ್ಲೇಟೂ ಜಾರುತ್ತದೆ.

ಋ) ತೆಗೆದ ಹಳೆಯ ಬಿಡಿಭಾಗಗಳನ್ನು ಹಾಗೂ ಬಿಲ್ಲನ್ನು ಮಾಲೀಕರು ಪಡೆದುಕೊಳ್ಳತಕ್ಕದ್ದು. ಮೊದಲ ಕೆಲವು ಗಂಟೆ ಹಗುರ ಕೆಲಸ ಮಾಡಿ ಪೆಡಲ್ ಸಡಿಲವನ್ನು ಪುನಃ ನೋಡಬೇಕು.

8. ಮುನ್ನೆಚ್ಚರಿಕೆ

ಪಿ.ಟಿ.ಓ. ಲಿವರನ್ನು ಇಂಜಿನ್ ಕಡಿಮೆ ವೇಗದಲ್ಲಿರುವಾಗ, ಉಪಕರಣ ಮಣ್ಣಿನಿಂದ ಸ್ವಲ್ಪ ಮೇಲಿರುವಾಗ ಹಾಕಬೇಕು. ನಂತರ ವೇಗ ಹೆಚ್ಚಿಸಿ ನಿಧಾನವಾಗಿ ಇಳಿಸಬೇಕು. ರೋಟಾವೇಟರಿನ ಬ್ಲೇಡುಗಳು ಮಣ್ಣಿನಲ್ಲಿ ಹೂತಿರುವಾಗ ಪಿ.ಟಿ.ಓ. ಹಾಕಬಾರದು. ಚಾಲನೆಯಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡಿರುವ ರೂಢಿಯನ್ನು ಬಿಡಬೇಕು.

ಎರೆ ಭೂಮಿಯು ತೊಯ್ದಾಗ ಬ್ಲೇಡುಗಳಿಗೆ ಅಂಟಿಕೊಳ್ಳುತ್ತದೆ. ಒಣಗಿದಾಗ ಹೆಂಟೆ ಗಟ್ಟಿಯಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಭಾರ ಹೆಚ್ಚು. ಹದ ಬಂದಾಗ, ಕೆಳಗಿನ ಗಿಯರಿನಲ್ಲಿ, ಆಳ ಕಡಿಮೆ ಮಾಡಿ ಎರಡು ಬಾರಿ ಹೊಡೆಯುವುದು ಕ್ಲಚ್ಚಿಗೂ ಭೂಮಿಗೂ ಹಿತ. ಉಪಕರಣ ಖರೀದಿಸುವಾಗ ಇಂಜಿನ್ ಅಶ್ವಶಕ್ತಿಯನ್ನಲ್ಲ, ಪಿ.ಟಿ.ಓ. ಅಶ್ವಶಕ್ತಿಯನ್ನು ನೋಡಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಟ್ರ್ಯಾಕ್ಟರ್ ಪರೀಕ್ಷಾ ವರದಿಗಳಲ್ಲಿ ಪಿ.ಟಿ.ಓ. ಕಾರ್ಯಕ್ಷಮತೆಯ ವಿವರ ಇರುತ್ತದೆ. ಮಾರಾಟಗಾರರಿಂದ ಈ ವಿವರವನ್ನು ಕೇಳಿ ಪಡೆಯಬಹುದು.

9. ವಾರಂಟಿ ಹಾಗೂ ಗ್ರಾಹಕರ ಹಕ್ಕು

ವಾರಂಟಿ ಅವಧಿಯಲ್ಲಿ ದೋಷ ಕಂಡುಬಂದಲ್ಲಿ ಹೊರಗಿನವರಿಂದ ಬಿಚ್ಚಿಸುವ ಮುನ್ನ ಮಾರಾಟಗಾರರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ದೂರಿನಲ್ಲಿ ಚಾಸಿ ಹಾಗೂ ಇಂಜಿನ್ ಸಂಖ್ಯೆ, ಓಡಿದ ಗಂಟೆಗಳು, ಜೋಡಿಸಿದ ಉಪಕರಣ, ಮೇಲಿನ ಪರೀಕ್ಷೆಗಳ ಫಲಿತಾಂಶ ಇವುಗಳನ್ನು ನಮೂದಿಸಬೇಕು. ಕ್ಲಚ್ ಪ್ಲೇಟಿನಂತಹ ಸವೆಯುವ ಭಾಗಗಳಿಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ವಾರಂಟಿ ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಅನ್ವಯ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಟ್ರ್ಯಾಕ್ಟರನ್ನು ಬೇರೆ ಜಿಲ್ಲೆಯಲ್ಲಿ ಖರೀದಿಸಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿ ದೂರು ನೀಡಲು ಅವಕಾಶವಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಖರೀದಿಸಿದವರು ಗ್ರಾಹಕರ ವ್ಯಾಖ್ಯೆಯಲ್ಲಿ ಬರುತ್ತಾರೆ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿಲ್ಲ. ಪ್ರಾಥಮಿಕ ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

10. ಸೇವೆ ಮತ್ತು ತರಬೇತಿ

ಟ್ರ್ಯಾಕ್ಟರ್ ದುರಸ್ತಿಯಲ್ಲಿರುವಾಗ ಕೆಲಸ ನಿಲ್ಲಬಾರದೆಂದಾದಲ್ಲಿ, ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ಯಂತ್ರದ ಲಭ್ಯತೆಯನ್ನು ವಿಚಾರಿಸಬಹುದು. ಬಾಡಿಗೆ ಯಂತ್ರವನ್ನು ಪಡೆಯುವಾಗ ರಕ್ಷಾಕವಚ, ಬೆಲ್ಟ್ ಹಾಗೂ ಪಿ.ಟಿ.ಓ. ವೇಗವನ್ನು ಕೇಂದ್ರದಲ್ಲಿಯೇ ಪರೀಕ್ಷಿಸಿ ತರುವುದು ಸೂಕ್ತ.

ಯಂತ್ರಗಳ ನಿರ್ವಹಣೆ ಹಾಗೂ ದುರಸ್ತಿಯಲ್ಲಿ ತರಬೇತಿ ಪಡೆಯಲಿಚ್ಛಿಸುವ ಗ್ರಾಮೀಣ ಯುವಕ ಯುವತಿಯರು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯನ್ನು ಸಂಪರ್ಕಿಸಬಹುದು. ದಾಳಿಂಬೆ ರೋಗ ನಿರ್ವಹಣೆಯ ತಾಂತ್ರಿಕ ಸಲಹೆಗೆ 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ.

ರೈತ ಬಾಂಧವರು ಮೊದಲು ಬೆಲ್ಟ್, ನಂತರ ದಂಡ, ನಂತರ ಪೆಡಲ್, ಕಟ್ಟಕಡೆಗೆ ಕ್ಲಚ್ ಎಂಬ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡು ಪರೀಕ್ಷಿಸಿದಲ್ಲಿ ಅನಗತ್ಯ ವೆಚ್ಚವನ್ನು ತಪ್ಪಿಸಬಹುದಾಗಿದೆ. ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.